ಕಡಲು ಪುಕ್ಕಟೆ, ಬಿಸಿಲು ಪುಕ್ಕಟೆ. ಉಪ್ಪು ಮಾತ್ರ ಸರ್ಕಾರದ್ದು: ಬ್ರಿಟಿಷರ ಉಪ್ಪಿನ ಏಕಸ್ವಾಮ್ಯ ನಡೆದ ಬಗೆ

ಒಂದು ಸೇರು ಉಪ್ಪಿಗೆ ಅರ್ಧ ಆಣೆ. 1930ರಲ್ಲಿ ಗಾಂಧೀಜಿ ದಂಡಿಯ ಕಡಲದಂಡೆಗೆ ನಡೆದು ಹೋದಾಗ ಇದ್ದ ಉಪ್ಪಿನ ತೆರಿಗೆ ಇಷ್ಟು. 2030ಕ್ಕೆ ಆ ನಡಿಗೆಗೂ ನಮ್ಮ ಅಂಕೋಲೆಯ ಉಪ್ಪಿನ ಸತ್ಯಾಗ್ರಹಕ್ಕೂ ನೂರು ವರ್ಷ ತುಂಬುತ್ತದೆ. ಈ ಪಾಠ ಓದುವ ಮಕ್ಕಳು ಕೇಳುವ ಪ್ರಶ್ನೆಯೂ ನ್ಯಾಯವಾದದ್ದೇ. ಅರ್ಧ ಆಣೆಗೆ ಇಷ್ಟೊಂದು ಗಲಾಟೆಯೇ? ತೆರಿಗೆ ಕಟ್ಟದವನಿಗೆ ದಂಡ ಹಾಕಿದರೆ ಅರ್ಥವಾಗುತ್ತದೆ, ನೆಲದ ಮೇಲೆ ತಾನಾಗಿ ಆದ ಉಪ್ಪನ್ನು ಹೆಕ್ಕಿದವನಿಗೆ ಜೈಲು ಯಾಕೆ?

‘ಉಪ್ಪಿನ ತೆರಿಗೆ’ ಎಂಬ ಮಾತು ಅರ್ಧ ಕಥೆಯನ್ನಷ್ಟೇ ಹೇಳುವುದರಿಂದ ಈ ಗೊಂದಲ. ಮನೆಯ ಹಿಂದೆಯೇ ಪುಕ್ಕಟೆ ಸಿಗುವ ವಸ್ತುವಿಗೆ ಯಾರೂ ತೆರಿಗೆ ಕೊಡುವುದಿಲ್ಲ. ತೆರಿಗೆ ಬರಬೇಕಾದರೆ ಮೊದಲು ಪುಕ್ಕಟೆ ಉಪ್ಪು ಎಲ್ಲಿಯೂ ಸಿಗದಂತೆ ಮಾಡಬೇಕು. ಈಸ್ಟ್ ಇಂಡಿಯಾ ಕಂಪನಿಯೂ ಅದರ ನಂತರದ ಬ್ರಿಟಿಷ್ ಸರ್ಕಾರವೂ ಸುಮಾರು ನೂರೆಪ್ಪತ್ತೈದು ವರ್ಷ ಮಾಡಿದ್ದು ಈ ಕೆಲಸವನ್ನೇ.

ಮೊದಲು ಅಳತೆ, ಆಮೇಲೆ ಲೆಕ್ಕ

ಹಳೆಯ ಕಡತಗಳಲ್ಲಿ ತೆರಿಗೆಯೆಲ್ಲ ‘ಮಣಕ್ಕೆ ಇಷ್ಟು’ ಎಂದೇ ಇರುತ್ತದೆ. ಕನ್ನಡದವರು ಎಡವುವುದು ಇಲ್ಲಿ. ಇದು ನಮ್ಮ ಹಳ್ಳಿಗಳಲ್ಲಿ ಬೆಲ್ಲ, ಅಡಿಕೆ ತೂಗುತ್ತಿದ್ದ ಸಣ್ಣ ಮಣ ಅಲ್ಲ. ಸರ್ಕಾರಿ ಮಣ ಎಂದರೆ 40 ಸೇರು, ಈಗಿನ ಲೆಕ್ಕದಲ್ಲಿ ಸುಮಾರು 37.3 ಕಿಲೊ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ.

1930ರಲ್ಲಿ ಮಣಕ್ಕೆ 1 ರೂಪಾಯಿ 4 ಆಣೆ ತೆರಿಗೆ, ಅಂದರೆ 20 ಆಣೆ ಅಥವಾ 240 ಪೈ. ಉಪ್ಪಿನ ಆಗರದಲ್ಲಿ, ಅಂದರೆ ಉಪ್ಪುನೀರು ಒಣಗಿಸಿ ಉಪ್ಪು ಮಾಡುವ ಬಯಲಿನಲ್ಲಿ, ಒಂದು ಮಣ ಉಪ್ಪಿನ ಅಸಲು ಬೆಲೆಯನ್ನು ಗಾಂಧೀಜಿ 10 ಪೈ ಎಂದು ಹಿಡಿದರು. ಹತ್ತು ಪೈ ಮಾಲಿಗೆ ಇನ್ನೂರ ನಲವತ್ತು ಪೈ ತೆರಿಗೆ, ಶೇಕಡಾ 2,400. ಅವರು ಬರೆದ ಈ ಅಂಕಿ ಉತ್ಪ್ರೇಕ್ಷೆಯಲ್ಲ, ಬರೀ ಭಾಗಾಕಾರ.

ಐದು ಜನರ ಮನೆಗೆ, ದನಕರುಗಳ ಪಾಲು ಸೇರಿಸಿ, ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಣ ಉಪ್ಪು ಬೇಕು ಎಂದು ಇಟ್ಟುಕೊಳ್ಳೋಣ. 1888ರಲ್ಲಿ ತೆರಿಗೆ ಮಣಕ್ಕೆ ಎರಡೂವರೆ ರೂಪಾಯಿ, ಅಂದರೆ 40 ಆಣೆ. ಹೊಲದ ಕೂಲಿ ದಿನಕ್ಕೆ ಎರಡು ಮೂರು ಆಣೆ ಇದ್ದ ಕಾಲ ಅದು. ವರ್ಷದಲ್ಲಿ ಹದಿಮೂರರಿಂದ ಇಪ್ಪತ್ತು ದಿನದ ದುಡಿಮೆ ಉಪ್ಪಿನ ತೆರಿಗೆಗೇ ಹೋಗುತ್ತಿತ್ತು. ಶ್ರೀಮಂತ ಬಡವನಿಗಿಂತ ಹತ್ತು ಪಟ್ಟು ಉಪ್ಪು ತಿನ್ನುವುದಿಲ್ಲ. ಬಿಸಿಲಲ್ಲಿ ಬೆವರು ಸುರಿಸುವವನಿಗೇ ಉಪ್ಪು ತುಸು ಹೆಚ್ಚು ಬೇಕು. ಖಜಾನೆಯ ಕಣ್ಣಿಗೆ ಇದು ಗುಣವಾಗಿಯೇ ಕಂಡಿತು: ಬೆಲೆ ಎಷ್ಟೇ ಏರಿದರೂ ಜನ ಉಪ್ಪನ್ನು ಪೂರ್ತಿ ಬಿಡಲಾರರು.

ಉಪ್ಪು ಆಗುವುದು ಹೇಗೆ

ಕಾವಲು ಎಲ್ಲಿ ಹಾಕಿದರು, ಯಾಕೆ ಹಾಕಿದರು ಎಂದು ತಿಳಿಯಲು ಆಗರದ ಕೆಲಸ ಸ್ವಲ್ಪ ಗೊತ್ತಿರಬೇಕು. ಗೋಕರ್ಣದ ಹತ್ತಿರ ಅಘನಾಶಿನಿ ಅಳಿವೆಯಲ್ಲಿರುವ ಸಾಣಿಕಟ್ಟಾ ನಮ್ಮ ಕರಾವಳಿಯ ಹೆಸರಾಂತ ಆಗರ. ಅಲ್ಲಿನ ಹಳೆಯ ಕಸುಬುದಾರರಾದ ಆಗೇರರ ಹೆಸರಿನಲ್ಲಿಯೇ ‘ಆಗರ’ ಇದೆ.

ಮಳೆಗಾಲ ಕಳೆದ ಮೇಲೆ ಏರಿ ಸರಿಮಾಡಿ, ಮಡಿಯ ನೆಲವನ್ನು ತುಳಿದು ಬಡಿದು ಗಟ್ಟಿ ಮಾಡುತ್ತಾರೆ. ನೆಲ ಸಡಿಲವಿದ್ದರೆ ನೀರು ಇಂಗುತ್ತದೆ, ಉಪ್ಪಿಗೆ ಮಣ್ಣು ಹತ್ತುತ್ತದೆ. ಭರತದ, ಅಂದರೆ ಕಡಲು ಉಬ್ಬರದ, ಹೊತ್ತಿಗೆ ತೂಬು ತೆರೆದು ಉಪ್ಪುನೀರನ್ನು ದೊಡ್ಡ ಕೊಳಕ್ಕೆ ಬಿಟ್ಟುಕೊಂಡು, ಅಲ್ಲಿಂದ ಒಂದಾದ ಮೇಲೊಂದು ಆಳ ಕಡಿಮೆಯ ಮಡಿಗಳಿಗೆ ಹರಿಸುತ್ತಾರೆ. ಸಾವಿರ ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಕಿಲೊ ಲವಣಗಳಿದ್ದರೂ ಅಡುಗೆಯ ಉಪ್ಪು 27 ಕಿಲೊ ಮಾತ್ರ. ಒಂದು ಮಣಕ್ಕೆ ಲೆಕ್ಕದ ಪ್ರಕಾರವೇ 1,400 ಲೀಟರ್ ನೀರು ಆರಬೇಕು. ಇಂಗುವುದು, ಸೋರುವುದು ಸೇರಿದರೆ ಇನ್ನೂ ಹೆಚ್ಚು.

ನೀರಿನ ಸಾಂದ್ರತೆಯನ್ನು ಈಗ ಬೋಮೆ ಡಿಗ್ರಿಯಲ್ಲಿ ಅಳೆಯುತ್ತಾರೆ. ಕಡಲ ನೀರು ಸುಮಾರು ಮೂರೂವರೆ ಡಿಗ್ರಿ. ಹದಿಮೂರರ ಆಸುಪಾಸಿನಲ್ಲಿ ಜಿಪ್ಸಮ್ ತಳಕ್ಕಿಳಿಯುತ್ತದೆ, ಅದನ್ನು ಹಿಂದಿನ ಮಡಿಯಲ್ಲಿಯೇ ಬಿಟ್ಟು ನೀರನ್ನು ಮುಂದೆ ಸಾಗಿಸಬೇಕು. ಇಪ್ಪತ್ತೈದು ದಾಟಿದ ಮೇಲೆ ಉಪ್ಪು ಹರಳುಗಟ್ಟುತ್ತದೆ. ಇಪ್ಪತ್ತೊಂಬತ್ತು ಮೂವತ್ತು ಮುಟ್ಟುವ ಮುಂಚೆ ಉಳಿದ ನೀರನ್ನು ಹೊರಗೆ ಬಿಟ್ಟುಬಿಡಬೇಕು. ಬಿಡದಿದ್ದರೆ ಮೆಗ್ನೀಸಿಯಂ ಲವಣಗಳು ಬೆರೆತು ಉಪ್ಪು ಕಹಿಯಾಗುತ್ತದೆ, ಗಾಳಿಯ ತೇವ ಹೀರಿ ಗೋಣಿಯಲ್ಲೇ ನೀರಾಗುತ್ತದೆ. ಅಕಾಲದ ಒಂದು ಮಳೆ ಬಂದರೆ ವಾರಗಳ ಕೆಲಸ ಕರಗಿಹೋಗುತ್ತದೆ.

ಸರ್ಕಾರದ ದೃಷ್ಟಿಯಿಂದ ಇದರಲ್ಲಿ ಮುಖ್ಯವಾದದ್ದು ಎರಡು. ದೊಡ್ಡ ಪ್ರಮಾಣದಲ್ಲಿ ಉಪ್ಪು ಮಾಡುವ ಜಾಗಗಳು ಕಡಿಮೆ, ವರ್ಷದ ನಾಲ್ಕೈದು ತಿಂಗಳಷ್ಟೇ ಕೆಲಸ, ಮಾಲೆಲ್ಲ ಬಯಲಲ್ಲಿ ಕಣ್ಣಿಗೆ ಕಾಣುವಂತೆ ರಾಶಿ ಬಿದ್ದಿರುತ್ತದೆ. ಇದನ್ನು ಕಾಯುವುದು ಸುಲಭ. ಆದರೆ ಸಣ್ಣ ಪ್ರಮಾಣದಲ್ಲಿ ಉಪ್ಪು ಮಾಡಲು ಒಂದು ಮಡಕೆ, ಒಂದಿಷ್ಟು ಬಿಸಿಲು ಸಾಕು. ಇದನ್ನು ಕಾಯುವುದು ಬಹಳ ಕಷ್ಟ. ಉಪ್ಪಿನ ಇಲಾಖೆ ಹೆಣಗಾಡಿದ್ದೆಲ್ಲ ಈ ಎರಡನೆಯದರ ಜೊತೆ.

ಏಕಸ್ವಾಮ್ಯದ ಎರಡು ಬಗೆ

ಒಂದು ವಸ್ತುವನ್ನು ಒಬ್ಬನೇ ಮಾರಬಹುದು, ಇಲ್ಲವೇ ಒಬ್ಬನ ಅಪ್ಪಣೆಯಿಂದಲೇ ಉಳಿದವರು ಮಾರಬಹುದು ಎಂದಾದರೆ ಅದು ಏಕಸ್ವಾಮ್ಯ. ಉಪ್ಪಿನಲ್ಲಿ ಇದು ಎರಡು ರೂಪದಲ್ಲಿ ನಡೆಯಿತು.

ಮೊದಲನೆಯದು ನೇರ ಏಕಸ್ವಾಮ್ಯ. ಉಪ್ಪು ಮಾಡುವವನು ಇಡೀ ಬೆಳೆಯನ್ನು ಸರ್ಕಾರ ಗೊತ್ತುಮಾಡಿದ ದರಕ್ಕೆ ಸರ್ಕಾರಕ್ಕೇ ಕೊಡಬೇಕು, ಸರ್ಕಾರ ತನ್ನ ಬೆಲೆಗೆ ವ್ಯಾಪಾರಿಗೆ ಮಾರುತ್ತದೆ. ಎರಡು ಬೆಲೆಗಳ ನಡುವಿನ ಅಂತರವೇ ತೆರಿಗೆ. ಎರಡನೆಯದು ಅಬಕಾರಿ ಪದ್ಧತಿ. ಉಪ್ಪು ಆಗರದ ಒಡೆಯನದ್ದೇ, ಆದರೆ ಪರವಾನಗಿ ಇಲ್ಲದೆ ಮಾಡುವಂತಿಲ್ಲ, ಸುಂಕ ಕಟ್ಟದೆ ಆಗರದ ಗಡಿ ದಾಟಿಸುವಂತಿಲ್ಲ. ಪರವಾನಗಿ ಕೊಡುವ, ನಿಲ್ಲಿಸುವ ಅಧಿಕಾರ ಸರ್ಕಾರದ ಕೈಯಲ್ಲೇ ಇದ್ದುದರಿಂದ ಉಪ್ಪು ಎಲ್ಲಿ ಆಗಬೇಕು, ಎಲ್ಲಿ ಆಗಬಾರದು ಎಂಬುದೂ ಅದರದೇ ತೀರ್ಮಾನ. ಕೊಳ್ಳುವವನಿಗೆ ಎರಡರಲ್ಲೂ ಒಂದೇ ಬಿಸಿ.

ಬಂಗಾಳದಲ್ಲಿ ಶುರುವಾದದ್ದು

1765ರಲ್ಲಿ ಬಂಗಾಳದ ಗವರ್ನರ್ ರಾಬರ್ಟ್ ಕ್ಲೈವ್, ಕಂಪನಿಯ ಹಿರಿಯ ನೌಕರರ ಲಾಭಕ್ಕೆಂದೇ ಉಪ್ಪು, ಅಡಿಕೆ, ಹೊಗೆಸೊಪ್ಪಿನ ವ್ಯಾಪಾರದ ಒಂದು ಸಂಘ ಕಟ್ಟಿದ. ಲಂಡನ್ನಿನವರು ಒಪ್ಪದೆ ಅದು ಕೆಲವೇ ವರ್ಷಗಳಲ್ಲಿ ಮುಚ್ಚಿತು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಉಪ್ಪನ್ನು ಕಂಪನಿಯ ಹಿಡಿತಕ್ಕೆ ತಂದು ಗುತ್ತಿಗೆಗೆ ಕೊಟ್ಟ. ಗುತ್ತಿಗೆದಾರರಿಂದ ನೆಚ್ಚಿದಷ್ಟು ಹಣ ಬರಲಿಲ್ಲ. 1780ರಲ್ಲಿ ಹಿಜಲಿ, ತಮ್ಲುಕ್ ಮುಂತಾದ ಕರಾವಳಿ ಪ್ರದೇಶಗಳನ್ನು ಏಜೆನ್ಸಿಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಉಪ್ಪಿನ ಏಜೆಂಟನನ್ನು ನೇಮಿಸಿದರು.

ಗಂಗೆಯ ಸಿಹಿನೀರು ಬೆರೆಯುವ, ಗಾಳಿಯಲ್ಲಿ ತೇವ ತುಂಬಿರುವ ಬಂಗಾಳದಲ್ಲಿ ಬಿಸಿಲಿಗೆ ಉಪ್ಪು ಕಟ್ಟುವುದು ಕಷ್ಟ. ಮಲಂಗಿಗಳೆಂಬ ಉಪ್ಪುಗಾರರು ಉಪ್ಪುಮಣ್ಣನ್ನು ಸೋಸಿ, ರಸವನ್ನು ಮಡಕೆಗಳಲ್ಲಿ ಕುದಿಸಿ ಉಪ್ಪು ತೆಗೆಯುತ್ತಿದ್ದರು. ಸೌದೆಗೆಂದೇ ‘ಜಲ್‌ಪಾಯಿ’ ಎಂಬ ಕುರುಚಲು ಭೂಮಿ ಮೀಸಲಿತ್ತು. ಕಂಪನಿ ಮುಂಗಡ ಕೊಟ್ಟು ಕೈ ಕಟ್ಟಿಹಾಕುತ್ತಿತ್ತು. ಕೊಳ್ಳುವ ದರವೂ ಅದರದೇ, ತೂಕವೂ ಅದರದೇ. ಮುಂಗಡ ತೀರದೆ ಉಳಿದರೆ ಮುಂದಿನ ವರ್ಷವೂ ಅಲ್ಲೇ ದುಡಿಯಬೇಕು.

1788ರಿಂದ ಕಲ್ಕತ್ತೆಯಲ್ಲಿ ಹರಾಜು ಶುರುವಾಯಿತು. ಹರಾಜಿಗೆ ಎಷ್ಟು ಉಪ್ಪು ಬಿಡಬೇಕೆಂದು ಕಂಪನಿಯೇ ತೀರ್ಮಾನಿಸುತ್ತಿದ್ದುದರಿಂದ, ಕಡಿಮೆ ಬಿಟ್ಟಷ್ಟೂ ಬೆಲೆ ಮೇಲೇರುತ್ತಿತ್ತು. ಕೊಂಡ ವ್ಯಾಪಾರಿಯ ಗಾಡಿ, ದೋಣಿಗಳ ಜೊತೆ ಒಂದು ರಹದಾರಿ ಚೀಟಿ ಇರಬೇಕು, ದಾರಿಯ ಚೌಕಿಗಳಲ್ಲಿ ಅದನ್ನು ತೋರಿಸಬೇಕು. ಆ ಚೀಟಿಯ ಹೆಸರು ‘ರವಾನಾ’. ನಾವು ಇಂದಿಗೂ ಸರಕನ್ನು ‘ರವಾನೆ’ ಮಾಡುತ್ತೇವೆ.

ಹೀಗೆ ಬೆಲೆಯನ್ನು ಎತ್ತರದಲ್ಲಿ ಹಿಡಿದಿಟ್ಟದ್ದರಿಂದ ಇನ್ನೊಂದು ಬಾಗಿಲು ತೆರೆಯಿತು. ಇಂಗ್ಲೆಂಡಿನ ಚೆಷೈರ್ ಉಪ್ಪು ಲಿವರ್‌ಪೂಲ್ ಬಂದರಿನಿಂದ, ಕಡಿಮೆ ಬಾಡಿಗೆಗೆ, ಹಡಗು ಅಲುಗದಿರಲು ತಳಕ್ಕೆ ತುಂಬುವ ಭಾರವಾಗಿ ಬರತೊಡಗಿತು. ಅದು ಬೆಳ್ಳಗಿತ್ತು, ನುಣುಪಾಗಿತ್ತು. 1863ರಲ್ಲಿ ಸರ್ಕಾರ ಬಂಗಾಳದಲ್ಲಿ ತನ್ನ ಉಪ್ಪು ತಯಾರಿಕೆಯನ್ನೇ ಕೈಬಿಟ್ಟಿತು. ಬಂದರಿನಲ್ಲಿ ಆಮದು ಸುಂಕ ಹಿಡಿದರೆ ಅಷ್ಟೇ ಹಣ ಬರುವಾಗ ಮಲಂಗಿಗಳ ರೇಜಿಗೆ ಯಾಕೆ ಎಂಬ ಲೆಕ್ಕ.

ದಕ್ಷಿಣದ ಆಗರದಲ್ಲಿ ಒಂದು ಚೀಲದ ಪ್ರಯಾಣ

ಮದ್ರಾಸ್ ಪ್ರಾಂತ್ಯದಲ್ಲಿ ನೇರ ಏಕಸ್ವಾಮ್ಯ 1805ರಲ್ಲಿ ಬಂತು, 1882ರ ಹೊತ್ತಿಗೆ ಅದರ ಪಕ್ಕದಲ್ಲೇ ಅಬಕಾರಿ ಪದ್ಧತಿಯೂ ಸೇರಿತು. ಮುಂಬಯಿ ಪ್ರಾಂತ್ಯದಲ್ಲಿ 1837ರಿಂದಲೇ ಅಬಕಾರಿ. ಕೆನರಾ ಜಿಲ್ಲೆ ಮೊದಲು ಪೂರ್ತಿ ಮದ್ರಾಸಿನದ್ದು. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಸೇರಿತು. ಹಾಗಾಗಿ ಸಾಣಿಕಟ್ಟಾ ಒಂದು ಕಾಯಿದೆಯ ಕೆಳಗೆ, ಮಂಗಳೂರು ಇನ್ನೊಂದರ ಕೆಳಗೆ.

ಅಬಕಾರಿ ಆಗರದಲ್ಲಿ ಕೆಲಸ ನಡೆಯುತ್ತಿದ್ದುದು ಹೀಗೆ. ಯಾವ ಜಾಗದಲ್ಲಿ ಉಪ್ಪು ಮಾಡುತ್ತೇನೆಂದು ಒಡೆಯ ಮೊದಲು ಪರವಾನಗಿ ಪಡೆಯಬೇಕು. ಕೆರೆದು ತೆಗೆದ ಉಪ್ಪನ್ನು ಗೊತ್ತುಪಡಿಸಿದ ಜಗಲಿಯಲ್ಲಿ ರಾಶಿ ಹಾಕಬೇಕು, ರಾಶಿಯ ಲೆಕ್ಕ ಉಪ್ಪಿನ ಅಧಿಕಾರಿಯ ಪುಸ್ತಕಕ್ಕೆ ಏರುತ್ತದೆ. ವ್ಯಾಪಾರಿ ಸುಂಕ ಕಟ್ಟಿ ಪರ್ಮಿಟ್ ತರುತ್ತಾನೆ. ಅಧಿಕಾರಿಯ ಎದುರು ತೂಗಿ, ಚೀಲ ಎಣಿಸಿ, ಕಾವಲಿನ ಬಾಗಿಲಲ್ಲಿ ಪರ್ಮಿಟ್ಟಿನ ಜೊತೆ ತಾಳೆ ನೋಡಿದ ಮೇಲೆ ಚೀಲ ಹೊರಗೆ. ಪರ್ಮಿಟ್ಟಿಗಿಂತ ಹೆಚ್ಚು ಸಿಕ್ಕರೆ ಜಪ್ತಿ.

ಎಡವಟ್ಟಾಗುತ್ತಿದ್ದುದು ತೂಕದಲ್ಲಿ. ಹಸಿ ಉಪ್ಪು ಭಾರ. ಒಣಗಿದ ಮೇಲೆ, ಮಳೆಗಾಲದ ತೇವಕ್ಕೆ ಸೋರಿದ ಮೇಲೆ, ರಾಶಿ ಪುಸ್ತಕದ ಲೆಕ್ಕಕ್ಕಿಂತ ಕಡಿಮೆಯಾಗುತ್ತದೆ. ಕಡಿಮೆಯಾದದ್ದು ಸೋರಿಯೋ, ಕಳುವಾಗಿಯೋ ಎಂದು ರಾಶಿ ನೋಡಿ ಹೇಳಲಾಗದು. ‘ಸವಕಲು’ ಎಂದು ಇಷ್ಟು ಬಿಡಬಹುದೆಂಬ ನಿಯಮ ಮಾಡಿದರೆ, ಆ ಬಿಟ್ಟ ಪಾಲಿನಷ್ಟನ್ನು ಒಳಗೊಳಗೇ ಮಾರುವ ದಾರಿಯೂ ತೆರೆಯುತ್ತದೆ. ಇನ್ನು ನೇರ ಏಕಸ್ವಾಮ್ಯದಲ್ಲಿ ಬೇರೆ ತೊಂದರೆ. ತೂಕಕ್ಕೆ ಒಂದೇ ದರ ಸಿಗುವಾಗ ಕಹಿನೀರು ಬಿಟ್ಟು, ಮಣ್ಣು ಹತ್ತದಂತೆ ಕೆರೆದು ಒಳ್ಳೆಯ ಉಪ್ಪು ಮಾಡುವ ಶ್ರಮ ಯಾರಿಗೆ ಬೇಕು?

ತೂತು ಮುಚ್ಚುವ ಕೆಲಸ

ತೂತು ಮಡಕೆಗೆ ನೀರು ತುಂಬಿಸುವವನಂತೆ ಸರ್ಕಾರ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತಿತ್ತು. ಏಕಸ್ವಾಮ್ಯದ ನಿಜವಾದ ಇತಿಹಾಸ ಇರುವುದು ಈ ತೂತುಗಳಲ್ಲಿ ಎಂದರೆ ತಪ್ಪಲ್ಲ.

ಮೊದಲನೆಯದು ತಾನಾಗಿ ಆಗುವ ಉಪ್ಪು. ಭರತದ ನೀರು ನಿಂತ ತಗ್ಗುಗಳಲ್ಲಿ ಬೇಸಿಗೆಗೆ ಬಿಳಿ ಪದರ ಕಟ್ಟುತ್ತದೆ. ಇದನ್ನು ಯಾರೂ ‘ಮಾಡಿದ್ದಲ್ಲ’, ಹಾಗಾದರೆ ಪರವಾನಗಿ ಇಲ್ಲದೆ ತಯಾರಿಸಿದ ಅಪರಾಧ ಹೇಗೆ ಹೊರಿಸುವುದು? ಕಾಯಿದೆ ಇದಕ್ಕೆ ಸುಲಭದ ಉಪಾಯ ಕಂಡುಕೊಂಡಿತು. ‘ತಯಾರಿಕೆ’ ಎಂಬ ಪದದ ವ್ಯಾಖ್ಯೆಯೊಳಗೇ ನೆಲದ ಮೇಲಿನ ನೈಸರ್ಗಿಕ ಉಪ್ಪನ್ನು ಅಗೆಯುವುದು, ತೆಗೆಯುವುದನ್ನೂ ಸೇರಿಸಿತು. ಬಗ್ಗಿ ಹೆಕ್ಕಿದರೂ ನೀವು ಉಪ್ಪಿನ ತಯಾರಕರು. ಕಾವಲಿನವರು ಅಂಥ ಪದರವನ್ನು ಕೆಸರಿಗೆ ತುಳಿದು ಹಾಳುಮಾಡುವುದೂ ಇತ್ತು. ಉಪ್ಪು ಕೆಡಿಸಲು ಸಂಬಳ ಕೊಟ್ಟು ಜನ ಇಟ್ಟ ಇಲಾಖೆ ಜಗತ್ತಿನಲ್ಲಿ ಹೆಚ್ಚು ಇರಲಾರದು.

ಎರಡನೆಯದು ಒಳನಾಡಿನ ಮಣ್ಣುಪ್ಪು. ಬಳ್ಳಾರಿ ಸೀಮೆಯಲ್ಲಿ, ಮೈಸೂರಿನ ಬಯಲಿನಲ್ಲಿ ಸವಳು ಮಣ್ಣಿಗೆ ಕೊರತೆಯಿಲ್ಲ. ಉಪ್ಪಾರರು ಆ ಮಣ್ಣನ್ನು ಕೆರೆದು ತಂದು, ದಿಬ್ಬದ ಮೇಲೆ ಮಾಡಿದ ಗುಂಡಿಗಳಲ್ಲಿ ನೀರು ಹೊಯ್ದು ಸೋಸಿ, ಕೆಳಗೆ ಇಳಿದ ರಸವನ್ನು ಮಡಿಗಳಲ್ಲಿ ಒಣಗಿಸುತ್ತಿದ್ದರು. ಕಡಲುಪ್ಪಿಗಿಂತ ಇದು ಕಪ್ಪು, ತುಸು ಕಹಿ. ಬಡವರ ಮನೆಗೆ, ದನಗಳಿಗೆ, ಚರ್ಮ ಹದಮಾಡುವವರಿಗೆ ಅದೇ ಸಾಕಾಗಿತ್ತು. ಕಡಲುಪ್ಪಿನ ತೆರಿಗೆ ಏರಿದಂತೆಲ್ಲ ಮಣ್ಣುಪ್ಪಿನ ಗಿರಾಕಿ ಹೆಚ್ಚುತ್ತಿದ್ದುದರಿಂದ ಮದ್ರಾಸ್ ಸರ್ಕಾರ ಅದನ್ನು ಹಂತಹಂತವಾಗಿ ಅದುಮಿತು. ಮೈಸೂರು ಸಂಸ್ಥಾನವಾದರೂ ತಪ್ಪಿಸಿಕೊಳ್ಳಲಿಲ್ಲ. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿಸಿದ ಪತ್ರದಲ್ಲಿಯೇ, ಗವರ್ನರ್ ಜನರಲ್ ಬಯಸಿದರೆ ಮಹಾರಾಜರು ಉಪ್ಪಿನ ತಯಾರಿಕೆಯನ್ನು ನಿಷೇಧಿಸಬೇಕು ಅಥವಾ ಮಿತಿಗೊಳಿಸಬೇಕು ಎಂಬ ಷರತ್ತು ಇತ್ತು. ಉಪ್ಪಾರರಲ್ಲಿ ಬಹಳ ಮಂದಿ ಮಣ್ಣು ಕೆಲಸ, ಗಾರೆ ಕೆಲಸ, ಬೇಸಾಯಗಳಿಗೆ ಹೊರಳಿದರು. ಕಸುಬು ಹೋಗಿ ಹೆಸರು ಉಳಿಯಿತು.

ಮೂರನೆಯದು ಮೀನು. ಮೀನು ಒಣಗಿಸಲು ಉಪ್ಪು ಬೇಕು, ತೆರಿಗೆಯ ಉಪ್ಪು ಹಾಕಿದರೆ ಮೀನಿಗಿಂತ ಉಪ್ಪೇ ತುಟ್ಟಿ. ಮೀನುಗಾರರು ಉಪ್ಪುಮಣ್ಣು ಬಳಸುತ್ತಿದ್ದರು, ಅದನ್ನೂ ತಡೆದಾಗ ಮೀನು ಕೊಳೆಯತೊಡಗಿತು. ಕೊನೆಗೆ ಪೂರ್ವ, ಪಶ್ಚಿಮ ಎರಡೂ ಕರಾವಳಿಗಳಲ್ಲಿ ಬೇಲಿ ಹಾಕಿದ ಸರ್ಕಾರಿ ಅಂಗಳಗಳನ್ನು ತೆರೆದು, ಒಳಗಡೆ ಬಳಸಲು ಮಾತ್ರ ಸುಂಕವಿಲ್ಲದ ಉಪ್ಪು ಕೊಟ್ಟರು. ಎಷ್ಟು ಮೀನಿಗೆ ಎಷ್ಟು ಉಪ್ಪು ಎಂಬ ಲೆಕ್ಕ ಬೇರೆ. ಮೀನಿಗೆ ಹೆಚ್ಚು ಮೆತ್ತಿಕೊಂಡು ಹೋಗಿ ಮನೆಯಲ್ಲಿ ಕೊಡವಿಕೊಂಡರೆ ಅದೂ ಕಳ್ಳ ಉಪ್ಪೇ.

ನಾಲ್ಕನೆಯದು ಗಡಿ. ಮಣಕ್ಕೆ ಬಂಗಾಳದಲ್ಲಿ ಮೂರೂಕಾಲು ರೂಪಾಯಿ, ಉತ್ತರ ಭಾರತದಲ್ಲಿ ಮೂರು, ಮದ್ರಾಸ್ ಮುಂಬಯಿಗಳಲ್ಲಿ 1 ರೂಪಾಯಿ 13 ಆಣೆ ಇದ್ದ ಕಾಲವೊಂದಿತ್ತು. ರಾಜಪುತಾನದ ಸಾಂಭರ್ ಸರೋವರದಂಥ ಕಡೆ ಸಂಸ್ಥಾನಗಳ ಅಗ್ಗದ ಉಪ್ಪು. ದರ ಬೇರೆಯಾದರೆ ಕಳ್ಳಸಾಗಣೆ ತಪ್ಪಿದ್ದಲ್ಲ. ಇದನ್ನು ತಡೆಯಲು ಸಿಂಧೂ ನದಿಯಿಂದ ಮಹಾನದಿಯ ತನಕ ಸುಂಕದ ಗಡಿಯೊಂದನ್ನು ಎಳೆದರು. 1869ರ ಹೊತ್ತಿಗೆ ಅದು 2,300 ಮೈಲಿ, ಕಾವಲಿಗೆ ಸುಮಾರು 12,000 ಜನ. ಬಹಳ ಕಡೆ ಅದು ನಿಜವಾದ ಮುಳ್ಳುಬೇಲಿ: ಜಾಲಿ, ಬೋರೆ, ಕವಳಿ, ಪಾಪಾಸುಕಳ್ಳಿಗಳನ್ನು ಸಾಲಾಗಿ ನೆಟ್ಟು ಆಳೆತ್ತರದ ಎರಡರಷ್ಟು ಬೆಳೆಸಿದ್ದು. ಮುಂದೆ ಕಾಂಗ್ರೆಸ್ ಸ್ಥಾಪಕರಲ್ಲಿ ಒಬ್ಬನಾದ ಎ. ಓ. ಹ್ಯೂಮ್ ಕೆಲವು ವರ್ಷ ಈ ಬೇಲಿಯ ಮುಖ್ಯ ಅಧಿಕಾರಿಯಾಗಿದ್ದ. ಬೇಲಿಯನ್ನು ಗೆದ್ದಲು ತಿನ್ನುತ್ತಿತ್ತು, ಬೆಂಕಿ ಸುಡುತ್ತಿತ್ತು, ವ್ಯಾಪಾರಕ್ಕೆಲ್ಲ ಅಡ್ಡಿಯಾಗುತ್ತಿತ್ತು. ಕಡೆಗೆ ಸುಲಭದ ದಾರಿ ಹೊಳೆಯಿತು. 1870ರಲ್ಲಿ ಸಾಂಭರ್ ಸರೋವರವನ್ನೇ ಜೈಪುರ, ಜೋಧಪುರಗಳಿಂದ ಗೇಣಿಗೆ ಪಡೆದು, ಉಳಿದ ಸಂಸ್ಥಾನಗಳ ಜೊತೆಯೂ ಒಪ್ಪಂದ ಮಾಡಿಕೊಂಡು, ಪ್ರಾಂತ್ಯಗಳ ದರಗಳನ್ನು ಹತ್ತಿರಕ್ಕೆ ತಂದರು. 1879ರ ಏಪ್ರಿಲ್ 1ರಂದು ಬೇಲಿಯನ್ನು ಕೈಬಿಟ್ಟರು. ದರಗಳನ್ನು ಹತ್ತಿರ ತಂದದ್ದು ದಕ್ಷಿಣಕ್ಕೆ ಸುಖವಾಗಲಿಲ್ಲ: ದೊಡ್ಡ ಬರಗಾಲದ ಬೆನ್ನಲ್ಲೇ, 1878ರಲ್ಲಿ, ಮದ್ರಾಸ್ ಮುಂಬಯಿಗಳ ತೆರಿಗೆ ಎರಡೂವರೆ ರೂಪಾಯಿಗೆ ಏರಿತು.

ಗೋವೆಯ ಪ್ರಸಂಗ ನಮಗೆ ಹತ್ತಿರದ್ದು. ಪೋರ್ಚುಗೀಸರ ಉಪ್ಪು ಅಗ್ಗ, ಘಟ್ಟ ಹತ್ತಿ ಬರುವುದು ಸುಲಭ. 1878ರ ಒಪ್ಪಂದದಿಂದ ಗೋವೆಯ ಉಪ್ಪಿನ ಮೇಲಿನ ಹಿಡಿತವೇ ಬ್ರಿಟಿಷರಿಗೆ ಸಿಕ್ಕಿತು. ಬದಲಿಗೆ ಪೋರ್ಚುಗೀಸ್ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ. 1892ರಲ್ಲಿ ಒಪ್ಪಂದ ಮುಗಿಯುವ ತನಕ ಗೋವೆಯ ಉಪ್ಪುಗಾರ ಯಾರ ಪ್ರಜೆ ಎಂದು ಕೇಳಿದರೆ ಉತ್ತರ ಸುಲಭವಿರಲಿಲ್ಲ.

ದರದ ಏರಿಳಿತ

1882ರಲ್ಲಿ ಮಣಕ್ಕೆ ಎರಡು ರೂಪಾಯಿ, 1888ರಲ್ಲಿ ಎರಡೂವರೆ. 1903ರಿಂದ ಇಳಿಯುತ್ತ 1907ಕ್ಕೆ ಒಂದು ರೂಪಾಯಿ. 1916ರಲ್ಲಿ, ಯುದ್ಧದ ನಡುವೆ, ಒಂದೂಕಾಲು. 1923ರಲ್ಲಿ ಇದನ್ನು ಎರಡೂವರೆಗೆ ಏರಿಸುವುದನ್ನು ಶಾಸನಸಭೆ ತಿರಸ್ಕರಿಸಿದರೂ ವೈಸರಾಯ್ ರೀಡಿಂಗ್ ತನ್ನ ವಿಶೇಷಾಧಿಕಾರ ಬಳಸಿ ಜಾರಿಗೆ ತಂದ. ಮರುವರ್ಷವೇ ದರ ಒಂದೂಕಾಲಿಗೆ ಇಳಿಯಿತು. ಚುನಾಯಿತ ಸಭೆ ಬೇಡವೆಂದರೂ ಉಪ್ಪಿನ ತೆರಿಗೆ ದುಪ್ಪಟ್ಟಾಗಬಹುದು ಎಂಬುದು ಆ ಒಂದು ವರ್ಷದಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

1930ರಲ್ಲಿ ಮುರಿದದ್ದು ಯಾವುದನ್ನು

ಸತ್ಯಾಗ್ರಹಿಗಳು ಅಂಗಡಿಯಲ್ಲಿ ಉಪ್ಪು ಕೊಂಡು ತೆರಿಗೆ ಕೊಡುವುದಿಲ್ಲ ಎಂದು ಹಟ ಹಿಡಿಯಲಿಲ್ಲ. ಹಾಗೆ ಮಾಡಲು ಬರುವುದೂ ಇಲ್ಲ. ಸುಂಕ ಆಗರದ ಬಾಗಿಲಲ್ಲೇ ಸಂದಾಯವಾಗಿರುತ್ತದೆ, ಅಂಗಡಿಗೆ ಬರುವ ಹೊತ್ತಿಗೆ ಅದು ಬೆಲೆಯೊಳಗೆ ಕರಗಿರುತ್ತದೆ. ಆದ್ದರಿಂದ ಮುರಿಯಬಹುದಾದದ್ದು ತಯಾರಿಕೆಯ ನಿಷೇಧವನ್ನು ಮಾತ್ರ. ಏಪ್ರಿಲ್ 6ರಂದು ದಂಡಿಯಲ್ಲಿ ಹಿಡಿ ಉಪ್ಪು ಎತ್ತಿದ್ದು ಮೇಲೆ ಹೇಳಿದ ಆ ವ್ಯಾಖ್ಯೆಯ ಪ್ರಕಾರ ‘ತಯಾರಿಕೆ’. ಶಿಕ್ಷೆ ಆರು ತಿಂಗಳ ತನಕ ಸೆರೆ, 500 ರೂಪಾಯಿ ತನಕ ದಂಡ, ಅಥವಾ ಎರಡೂ. ಆ ನಡಿಗೆಯಲ್ಲಿದ್ದ ಕನ್ನಡಿಗ ಮೈಲಾರ ಮಹದೇವಪ್ಪ. ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪು ಮಾಡಿದರು. ಕಡಲು ದೂರವಿದ್ದ ಊರುಗಳಲ್ಲಿ ಸವಳು ಮಣ್ಣು ಸೋಸಿ ಕುದಿಸಿದವರೂ ಇದ್ದರು. ಅಡುಗೆಗೆ ಆ ಉಪ್ಪು ಅಷ್ಟಕ್ಕಷ್ಟೇ, ಕಾಯಿದೆ ಮುರಿಯಲು ಮಾತ್ರ ಚೆನ್ನಾಗಿ ಸಾಕಾಗುತ್ತಿತ್ತು.

ಇಷ್ಟಾಗಿ, ಮೇ 5ರಂದು ಗಾಂಧೀಜಿಯನ್ನು ಬಂಧಿಸಿದ್ದು ಉಪ್ಪಿನ ಕಾಯಿದೆಯಡಿ ಅಲ್ಲ. ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅವಕಾಶವಿದ್ದ 1827ರ ಒಂದು ಹಳೆಯ ರೆಗ್ಯುಲೇಷನ್ ಹುಡುಕಿ ತೆಗೆದರು. ಉಪ್ಪಿನ ಅಪರಾಧವೆಂದು ಕೋರ್ಟಿಗೆ ತಂದಿದ್ದರೆ, ಬಿಸಿಲಿಗೆ ಒಣಗಿದ ಉಪ್ಪನ್ನು ಹೆಕ್ಕುವುದು ಹೇಗೆ ತಯಾರಿಕೆ ಎಂದು ಜಗತ್ತಿನ ಪತ್ರಿಕೆಗಳ ಎದುರು ವಾದಿಸಬೇಕಾಗುತ್ತಿತ್ತು.

ಆಮೇಲೆ

1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದ ತೆರಿಗೆಯನ್ನು ತೆಗೆಯಲಿಲ್ಲ. ಉಪ್ಪು ಸಿಗುವ ಜಾಗಗಳ ಪಕ್ಕದ ಹಳ್ಳಿಯವರು ಮನೆಬಳಕೆಗೆ, ತಮ್ಮ ಹಳ್ಳಿಯೊಳಗಿನ ಮಾರಾಟಕ್ಕೆ ಉಪ್ಪು ಹೆಕ್ಕಬಹುದು, ಮಾಡಬಹುದು. ಹೊರಗೆ ಮಾರುವಂತಿಲ್ಲ ಎಂದಷ್ಟೇ ಸಡಿಲಿಸಿತು. ಅದೇ ವರ್ಷ ತೆರಿಗೆಯ ಮೇಲೆ ಕಾಲುಭಾಗ ಹೆಚ್ಚುವರಿ ಬಿದ್ದು ಮಣಕ್ಕೆ 1 ರೂಪಾಯಿ 9 ಆಣೆಯಾಯಿತು. ಉಪ್ಪಿನ ಸುಂಕ ಪೂರ್ತಿ ಹೋದದ್ದು 1947ರ ಏಪ್ರಿಲ್ 1ರಂದು, ಮಧ್ಯಂತರ ಸರ್ಕಾರದ ಕಾಲದಲ್ಲಿ.

ಸುಂಕ ಹೋದರೂ ಉಪ್ಪಿನ ಮೇಲಿನ ಅಧಿಕಾರ ಎಲ್ಲಿಗೂ ಹೋಗಲಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿ ತೆರೆದು 58ನೆಯ ನಮೂದು ನೋಡಿ: ಉಪ್ಪಿನ ತಯಾರಿಕೆ, ಪೂರೈಕೆ, ವಿತರಣೆಯ ನಿಯಂತ್ರಣ ಇಂದಿಗೂ ಒಕ್ಕೂಟ ಸರ್ಕಾರದ ಕೈಯಲ್ಲಿದೆ.